ಹೆಸರು ತೆಗೆದ ಹಿಟ್ಟು

ಗಿರಣಿಯವರ ಭಾಷಣ ಎಲ್ಲರ ಫೋನಿಗೂ ಬಂದ ಮರುದಿನ ಬೆಳಿಗ್ಗೆ, ಟೀಚರ್ ಅವರದೇ ಗಿರಣಿಯ ಜೋಳದ ಹಿಟ್ಟಿನ ಚೀಲವೊಂದನ್ನು ಮಗುವಿನ ಹಾಗೆ ಎತ್ತಿಕೊಂಡು ನಿಂತು ಕೇಳಿದರು: "ಅಕ್ಕಾ, ಇದನ್ನ ನೀವು ಇನ್ನೂ ತಿಂತೀರಾ?"

ಅಂಗಡಿಯಕ್ಕ ಸಕ್ಕರೆ ತೂಗುತ್ತಿದ್ದಳು. ತಲೆಯೆತ್ತದೆ, "ತಿಂತೀವಲ್ಲ. ನಿನ್ನೆ ರಾತ್ರಿಯೂ ಅದೇ" ಅಂದಳು.

ಆ ಬೀದಿಯಲ್ಲಿ ಅದು ದಿನಾ ಕೇಳುವ ಪ್ರಶ್ನೆ. ಅವಳ ಅಂಗಡಿ ನಿಂತಿದ್ದೇ ಆ ಪ್ರಶ್ನೆಯ ಮೇಲೆ. ಹೊಸ ಸರಕು ಏನೇ ಬರಲಿ, ಮೊದಲು ಅವಳ ಮನೆಯ ಒಲೆಯ ಮೇಲೆ ಬೇಯಬೇಕು. ಹಲ್ಲಿಲ್ಲದ ಮಾವ ವಾರಪೂರ್ತಿ ಗೊಣಗದೆ ತಿಂದರೆ ಮಾತ್ರ ಅದು ಕಪಾಟಿಗೆ ಏರುತ್ತಿತ್ತು. "ನಮ್ಮಪ್ಪನದು ಸುಪ್ರೀಂ ಕೋರ್ಟು. ಅಲ್ಲಿಂದಾಚೆ ಅಪೀಲಿಲ್ಲ" ಎಂದು ಗಂಡ ನಗುತ್ತಿದ್ದ. ಬೀದಿಯ ಹೆಂಗಸರು ಬೆಲೆ ಕೇಳುವ ಮೊದಲು "ನೀವು ತಿಂತೀರಾ?" ಅನ್ನುವರು. ಅವಳು ಹೂಂ ಅಂದರೆ ಮುಗಿಯಿತು; ಚೀಲ ಬಾಯಿ ತೆರೆಯುತ್ತಿತ್ತು.

ಅಂದು ಟೀಚರ್ ಚೀಲವನ್ನು ಹಿಂದಕ್ಕಿಟ್ಟರು. ಮೆಲ್ಲಗೆ, ಸದ್ದಾಗದಂತೆ. "ಓ" ಅಂದರು, ಅಷ್ಟೇ. ಬೆಂಕಿಪೊಟ್ಟಣ ತೆಗೆದುಕೊಂಡು ಹೋದರು.

ಆಮೇಲೆ ಅಂಗಡಿಯಕ್ಕನಿಗೆ ಅರ್ಥವಾಯಿತು. ಟೀಚರ್ ರುಚಿಯನ್ನು ಕೇಳಿರಲಿಲ್ಲ.

ಭಾಷಣವನ್ನು ಅವಳೂ ಕೇಳಿದ್ದಳು. ಗಂಡನ ಫೋನಿನಲ್ಲಿ ಗಿರಣಿಯವರು ಒಗೆದು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮೈಕಿನ ಮುಂದೆ ನಿಂತಿದ್ದರು. ಸೇತುವೆಯಾಚೆ ಬಂದು ನೆಲೆಸಿದವರಿಗೆ ಹೊಸ ಮಾರುಕಟ್ಟೆಯಲ್ಲಿ ಮಳಿಗೆ ಕೊಡಬೇಕೇ ಬೇಡವೇ ಎನ್ನುವ ಸಭೆ ಅದು. "ಕೊಡಬಾರದು. ಅವರೆಲ್ಲ ಬಂದ ದಾರಿಯಲ್ಲೇ ಹೋಗಲಿ" ಎಂದು ಗಿರಣಿಯವರು ಹೇಳಿದ್ದರು. ಚಪ್ಪಾಳೆ ಬಿದ್ದಿತ್ತು. ಅವಳ ಮೊಣಕಾಲು ನೋವಿಗೆ ಯಾವುದೋ ಎಣ್ಣೆ ತಂದುಕೊಟ್ಟ ಮನುಷ್ಯ. ಕಲ್ಲು ಬಿಸಿಯಾದರೆ ಹಿಟ್ಟು ಸುಟ್ಟೀತೆಂದು ಗಿರಣಿಯನ್ನು ಆಗಾಗ ನಿಲ್ಲಿಸಿ ಕಾಯುವಷ್ಟು ತಾಳ್ಮೆಯವರು. ಅದೇ ಬಾಯಿ, ಅದೇ ದನಿ. ಅವಳು ಫೋನನ್ನು ಗಂಡನಿಗೆ ಹಿಂದಿರುಗಿಸಿ ರೊಟ್ಟಿ ತಟ್ಟಲು ಹೋಗಿದ್ದಳು. ಅವರದೇ ಹಿಟ್ಟಿನ ರೊಟ್ಟಿ. ತಟ್ಟುತ್ತ ತಟ್ಟುತ್ತ ಅವಳಿಗೆ ನೆನಪಾಗಿದ್ದು ಒಂದೇ: ಟೈಲರಮ್ಮ.

ಟೈಲರಮ್ಮನ ಹೊಲಿಗೆ ಅಂಗಡಿ ಎದುರುಗಡೆ. ಅವಳ ಮನೆ ಸೇತುವೆಯಾಚೆ. ಹೊರಗಿನಿಂದ ಬಂದು ನೆಲೆಸಿದ್ದು ಅವಳ ಅಪ್ಪ; ಅವಳು ಹುಟ್ಟಿದ್ದು ಇಲ್ಲೇ. ಬೆಳಿಗ್ಗೆ ಷಟರ್ ಎತ್ತಿದ ಕೂಡಲೇ ರಸ್ತೆ ದಾಟಿ ಬಂದು ಅಂಗಡಿಯ ಮೆಟ್ಟಿಲ ಮೇಲೆ ಕೂತು ಒಂದು ಲೋಟ ಚಹಾ ಕುಡಿಯದೆ ಸೂಜಿಗೆ ದಾರ ಪೋಣಿಸಿದವಳಲ್ಲ. ಇಬ್ಬರೂ ಗಂಡಂದಿರನ್ನು ಬೈದದ್ದು, ತಲೆಗೂದಲು ನೆರೆತದ್ದು, ಹೊಟ್ಟೆಯಲ್ಲಿನ ಗಡ್ಡೆಗೆ ಹೆದರಿ ಆಸ್ಪತ್ರೆಗೆ ಹೋಗಿ ಏನೂ ಇಲ್ಲವೆಂದು ತಿಳಿದು ದಾರಿಯುದ್ದಕ್ಕೂ ನಕ್ಕಿದ್ದು, ಎಲ್ಲ ಆ ಮೆಟ್ಟಿಲಿಗೆ ಗೊತ್ತು. ಅಂಗಡಿಯಕ್ಕನಿಗೆ ಅಕ್ಕತಂಗಿಯರಿಲ್ಲ. ಇದ್ದಿದ್ದರೆ ಹೀಗಿರುತ್ತಿತ್ತೇನೋ ಎನ್ನುವಂತೆ ಇದ್ದವಳು ಟೈಲರಮ್ಮ ಒಬ್ಬಳೇ.

ಆ ಬೆಳಿಗ್ಗೆಯೂ ಅವಳು ಬಂದಳು. ಚಹಾ ಕುಡಿದಳು. ಮಳೆಯ ಮಾತಾಡಿದಳು. ಭಾಷಣದ ಸುದ್ದಿ ಎತ್ತಲಿಲ್ಲ. ಅಂಗಡಿಯಕ್ಕನೂ ಎತ್ತಲಿಲ್ಲ. ಲೋಟ ತೊಳೆಯುವಾಗ ಮಾತ್ರ ಅವಳ ಬೆನ್ನು ಬಿಸಿಯಾಗಿತ್ತು. ಹಿಂದಿನ ಕಪಾಟಿನಲ್ಲಿ ನೀಲಿ ಅಕ್ಷರದಲ್ಲಿ ಗಿರಣಿಯವರ ಹೆಸರು ಹೊತ್ತ ಚೀಲಗಳು ಸಾಲಾಗಿ ಕೂತಿದ್ದವು. ಇವಳು ನಾಳೆ ಬರದೇ ಹೋದರೆ? ಮಾತಾಡದೆ, ಜಗಳವಾಡದೆ, ಸುಮ್ಮನೆ ಬರುವುದು ನಿಲ್ಲಿಸಿಬಿಟ್ಟರೆ?

ಮುಂದಿನ ದಿನಗಳಲ್ಲಿ ಅಂಗಡಿಯ ನಡವಳಿಕೆಯೇ ಬದಲಾಯಿತು. ಗಿರಾಕಿಗಳು ತಮ್ಮ ಬುಟ್ಟಿಗಿಂತ ಹೆಚ್ಚಾಗಿ ಪಕ್ಕದವರ ಬುಟ್ಟಿ ನೋಡತೊಡಗಿದರು. ಕೆಲವರು ಹಿಟ್ಟಿನ ಚೀಲವನ್ನು ಎಲೆಕೋಸಿನ ಕೆಳಗೆ ಮುಚ್ಚಿ ತರುತ್ತಿದ್ದರು. ಕೆಲವರು ಎಲ್ಲರಿಗೂ ಕಾಣಲೆಂದು ಎಲೆಕೋಸಿನ ಮೇಲಿಟ್ಟು ತರುತ್ತಿದ್ದರು. ಕಂಟ್ರಾಕ್ಟರ್ ಎಂದೂ ಅಂಗಡಿಗೆ ಕಾಲಿಟ್ಟವನಲ್ಲ, ಆತ ಬಂದು ಕೈಗೆ ಸಿಕ್ಕಷ್ಟು ಚೀಲ ಎತ್ತಿಕೊಂಡು, "ಧೈರ್ಯವಾಗಿ ಮಾತಾಡೋರನ್ನ ನಾವು ಬೆಂಬಲಿಸಬೇಕು, ಅಲ್ವಾ ಅಕ್ಕ?" ಅಂದ. ಸಂಜೆ ಅವನ ಹೆಂಡತಿ ಚೀಲಗಳನ್ನೆಲ್ಲ ಆಟೋದಲ್ಲಿ ಹೇರಿಕೊಂಡು ಬಂದಳು.

"ವಾಪಸ್ ತಗೊಳ್ತೀರಾ? ನಮ್ಮನೇಲಿ ರೊಟ್ಟಿ ಮಾಡೋ ಅಭ್ಯಾಸಾನೇ ಇಲ್ಲ. ಬೆಂಬಲ ಕೊಡೋರು ಇವರು, ತಟ್ಟೋಳು ನಾನಾ?"

ಟೀಚರದು ಇನ್ನೊಂದು ಫಜೀತಿ. ಗಿರಣಿಯವರ ಬದಲು ದೊಡ್ಡ ಕಂಪನಿಯ ಹಿಟ್ಟು ಕೊಂಡಿದ್ದರು. ಎರಡು ದಿನ ಬಿಟ್ಟು ಅದನ್ನೂ ತಂದರು.

"ಇವರು ಭಾಷಣ ಮಾಡಲ್ಲ ಅಕ್ಕ. ಭಾಷಣ ಮಾಡೋರಿಗೆ ದುಡ್ಡು ಕೊಡ್ತಾರಂತೆ. ನನ್ನ ಅಕ್ಕನ ಮಗಳು ಹೇಳಿದ್ಲು."

"ಹಾಗಾದ್ರೆ ಯಾವುದು ಕೊಡಲಿ?"

"ಅದೇ ನನಗೂ ಗೊತ್ತಾಗ್ತಿಲ್ಲ." ಟೀಚರ್ ಕನ್ನಡಕ ಏರಿಸಿ ಸಾಬೂನಿನ ಬೆನ್ನು, ಉಪ್ಪಿನ ಬೆನ್ನು, ಚಹಾಪುಡಿಯ ಬೆನ್ನು ಓದತೊಡಗಿದರು. ಅಲ್ಲಿ ತೂಕ ಬರೆದಿತ್ತು, ತಯಾರಾದ ತಾರೀಕು ಬರೆದಿತ್ತು. ಮನಸ್ಸಿನ ವಿಷಯ ಬರೆದಿರಲಿಲ್ಲ. ಕೊನೆಗೆ ಒಂದು ಕಟ್ಟು ಸೊಪ್ಪು ಮಾತ್ರ ಕೊಂಡರು. ಬಾಗಿಲವರೆಗೆ ಹೋದವರು ತಿರುಗಿ, "ಸೊಪ್ಪು ಯಾರದು?" ಅಂದರು.

"ಮಣ್ಣಲ್ಲಿ ಬೆಳೆದದ್ದು ಟೀಚರ್. ಸಾಕು, ಹೋಗಿ" ಅಂದಳು ಅಂಗಡಿಯಕ್ಕ. ಇಬ್ಬರಿಗೂ ನಗು ಬಂತು. ಆದರೆ ನಗು ಮುಗಿದಾಗ ಇಬ್ಬರೂ ಮೊದಲಿಗಿಂತ ಹೆಚ್ಚು ಸುಸ್ತಾಗಿದ್ದರು.

ಮನೆಯಲ್ಲಿ ಅವಳು ಗಂಡನನ್ನು ಕೇಳಿದಳು. "ರೀ, ಗಿರಣಿಯವರ ಹಿಟ್ಟು ನಿಲ್ಲಿಸಿಬಿಡೋಣ್ವಾ?"

"ಯಾಕೆ? ಹುಳ ಬಿತ್ತಾ?"

"ಹುಳ ಅಲ್ಲ. ಆ ಮಾತು."

"ಮಾತಲ್ಲಿ ರೊಟ್ಟಿ ಆಗತ್ತಾ? ನಾವು ಮಾರೋದು ಹಿಟ್ಟು ಕಣೇ, ಅಭಿಪ್ರಾಯ ಅಲ್ಲ." ಅವನು ಹಾಗೆ ಹೇಳಿ ಸುದ್ದಿ ನೋಡುತ್ತ ಆ ರಾತ್ರಿಯೆಲ್ಲ ತನ್ನ ಅಭಿಪ್ರಾಯಗಳನ್ನು ಟಿವಿಗೆ ಹೇಳಿದ.

ಮದುವೆಯಾದಂದಿನಿಂದ ಅವಳು ನಾಲಿಗೆಯಿಂದ ಮಾಡಿದ್ದು ಒಂದೇ ಕೆಲಸ, ರುಚಿ ನೋಡುವುದು. ಅದರಲ್ಲಿ ಅವಳನ್ನು ಮೀರಿಸುವವರಿಲ್ಲ. ಬೇಳೆ ಹಳೆಯದೋ ಹೊಸದೋ ಹಲ್ಲಿಗಿಟ್ಟು ಹೇಳುವಳು. ಆದರೆ ಇದು ಸರಿಯೇ ತಪ್ಪೇ ಎಂದು ಯಾರೂ ಅವಳನ್ನು ಕೇಳಿರಲಿಲ್ಲ, ಅವಳೂ ಕೇಳಿಕೊಂಡಿರಲಿಲ್ಲ. ಈಗ ಒಳಗೆ ಹುಡುಕಿದರೆ ಅಲ್ಲಿ ಏನೋ ಇತ್ತು. ಆದರೆ ಅದಕ್ಕೆ ಮಾತು ಇರಲಿಲ್ಲ. ಹಿಟ್ಟು ನಿಲ್ಲಿಸಿದರೆ ಒಳ್ಳೆಯ ಹಿಟ್ಟಿಗೆ ಅನ್ಯಾಯ. ಇಟ್ಟುಕೊಂಡರೆ ಟೈಲರಮ್ಮನಿಗೆ ಅನ್ಯಾಯ. ದೊಡ್ಡ ಕಂಪನಿಯ ಹಿಟ್ಟಿನ ರೊಟ್ಟಿ ಮಾಡಿ ಬಡಿಸಿ ನೋಡಿದಳು. ಮಾವ ಒಂದು ಚೂರನ್ನು ಬಾಯಲ್ಲಿ ಅತ್ತಿಂದಿತ್ತ ಹೊರಳಿಸಿ, ತೆಗೆದು ತಟ್ಟೆಯ ಅಂಚಿಗಿಟ್ಟು, "ಚಪ್ಪಲಿ ಅಂಗಡಿ ಯಾವಾಗ ಇಟ್ಟೆ ತಾಯಿ?" ಅಂದರು.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ವಾರದ ರಜೆಯ ಮಧ್ಯಾಹ್ನ ಅವಳು ಒಬ್ಬಳೇ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತಳು. ಸಕ್ಕರೆ, ಬೇಳೆಗಳನ್ನು ತುಂಬಿ ಅಂಗಡಿಯ ಮುದ್ರೆ ಒತ್ತುವ ಕಂದು ಕಾಗದದ ಚೀಲಗಳು ಹೇಗೂ ಇದ್ದವು. ಗಿರಣಿಯವರ ಚೀಲಗಳನ್ನು ಒಂದೊಂದಾಗಿ ಬಿಚ್ಚಿ, ಹಿಟ್ಟನ್ನು ಕಂದು ಚೀಲಕ್ಕೆ ಸುರಿದು, ಬಾಯಿ ಮಡಿಸಿ, ಮುದ್ರೆ ಒತ್ತಿದಳು. ನೀಲಿ ಹೆಸರಿನ ಖಾಲಿ ಚೀಲಗಳನ್ನು ಮಡಿಸಿ ಹಳೆಯ ಪೇಪರಿನ ಕಟ್ಟಿನಲ್ಲಿ ಸೇರಿಸಿದಳು. ಕೆಲಸ ಮುಗಿದಾಗ ಹುಬ್ಬು, ರೆಪ್ಪೆ, ಮೂಗಿನ ತುದಿ ಎಲ್ಲ ಬೆಳ್ಳಗಾಗಿತ್ತು. ಕನ್ನಡಿಯಲ್ಲಿ ನೋಡಿಕೊಂಡರೆ ಯಾವುದೋ ಅಜ್ಜಿ ಅವಳನ್ನು ನೋಡುತ್ತಿದ್ದಳು.

ಹಿಟ್ಟು ಭರ್ಜರಿಯಾಗಿ ಹೋಯಿತು. "ಇದನ್ನ ನೀವು ತಿಂತೀರಾ?" ಅಂದರು. "ತಿಂತೀವಿ" ಅಂದಳು. "ಯಾರದು ಇದು?" ಅಂದರು ಟೀಚರ್. "ನಮ್ಮದೇ ಪ್ಯಾಕಿಂಗ್" ಅಂದಳು. ಸುಳ್ಳಲ್ಲ. ಟೀಚರ್ ಮುಖದಲ್ಲಿ ಎಂಥ ನೆಮ್ಮದಿ ಕಂಡಿತೆಂದರೆ, ಅಂಗಡಿಯಕ್ಕನಿಗೆ ಅಳು ಬರುವಂತಾಯಿತು. "ಅಬ್ಬಾ, ನಿಮ್ಮ ಹೆಸರೊಂದಿದ್ರೆ ಸಾಕು ಅಕ್ಕ" ಎಂದು ಅವರು ಎರಡು ಚೀಲ ಕೊಂಡರು. ಕಂಟ್ರಾಕ್ಟರನ ಗೆಳೆಯರೂ ಕೊಂಡರು. ಇನ್ನು ಟೈಲರಮ್ಮ. ಅವಳಿಗೆ ಅಂಗಡಿಯಕ್ಕ ತಾನೇ ಒಂದು ಚೀಲ ಎತ್ತಿಕೊಟ್ಟಳು. "ಇದು ಬಂದಿದೆ. ನೋಡು."

ಟೈಲರಮ್ಮ ಚೀಲವನ್ನು ನೋಡಿದಳು, ಅವಳನ್ನು ನೋಡಿದಳು. ತೆಗೆದುಕೊಂಡು ಹೋದಳು.

ಮರುದಿನ ಅವಳು ಮೆಟ್ಟಿಲ ಮೇಲೆ ಕೂರಲಿಲ್ಲ. ಅಂಗಡಿಯೊಳಗೆ ಬಂದು, ಕೊರಳಲ್ಲಿ ಅಳತೆಪಟ್ಟಿ ನೇತಾಡುತ್ತಿದ್ದಂತೆಯೇ, ಕಂದು ಚೀಲವನ್ನು ಕೌಂಟರಿನ ಮೇಲಿಟ್ಟಳು.

"ಇದು ಗಿರಣಿಯವರದ್ದೇ ಅಲ್ವಾ?"

ಅಂಗಡಿಯಕ್ಕ ತಕ್ಕಡಿ ಒರೆಸತೊಡಗಿದಳು.

"ಬಟ್ಟೆ ಮುಟ್ಟಿ ಮಿಲ್ಲು ಹೇಳೋಳು ನಾನು. ಹಿಟ್ಟು ಮುಟ್ಟಿದ್ರೆ ಗೊತ್ತಾಗಲ್ವಾ? ಯಾಕೆ ಹೆಸರು ತೆಗೆದೆ?"

"ನಿನಗೋಸ್ಕರ."

"ನನಗೋಸ್ಕರ?"

"ನಿನಗೆ ಆ ಹೆಸರು ನೋಡಿ ನೋವಾಗಬಾರದು ಅಂತ..."

"ನಾನು ಕೇಳಿದ್ನಾ? ಭಾಷಣ ಬಂದ ಮೇಲೂ ಒಂದು ಚೀಲ ತಗೊಂಡಿದ್ದೆ ನಾನು, ನಿನ್ನ ಗಂಡ ಇದ್ದಾಗ. ಗೊತ್ತಾ?"

ಅಂಗಡಿಯಕ್ಕನ ಕೈ ನಿಂತಿತು. ಗೊತ್ತಿರಲಿಲ್ಲ. "ಅಷ್ಟು ಕೇಳಿದ ಮೇಲೂ ತಗೊಂಡ್ಯಾ?"

"ತಗೊಳ್ದೆ? ಬೆಳಿಗ್ಗೆ ತಟ್ಟಿದ ರೊಟ್ಟಿ ಸಂಜೆವರೆಗೂ ಮೆತ್ತಗಿರೋದು ಅದೊಂದರದ್ದೇ. ಮಷಿನ್ ಬಿಟ್ಟು ಮಧ್ಯಾಹ್ನ ನಾನು ಒಲೆ ಹಚ್ಚೋಕಾಗತ್ತಾ? ಅವನ ಮಾತಿಗೆ ನನ್ನ ಹೊಟ್ಟೆ ಯಾಕೆ ದಂಡ ಕಟ್ಟಬೇಕು?" ಅವಳ ದನಿ ಏರಿತು. "ಪ್ರತಿ ತುತ್ತಿಗೂ ಅವನನ್ನ ಬೈಕೊಂಡು ತಿಂತಿದ್ದೆ. ನೀಲಿ ಅಕ್ಷರ ಎದುರಿಗಿಟ್ಕೊಂಡು ಬೈತಿದ್ದೆ. ಈಗ ನೋಡಿದ್ರೆ ನಿನ್ನ ಮುದ್ರೆ ಇದೆ. ಯಾರನ್ನ ಬೈಲಿ? ನಿನ್ನನ್ನಾ?"

ಅಂಗಡಿಯಕ್ಕ ಕಂದು ಚೀಲವನ್ನು ತನ್ನತ್ತ ಎಳೆದುಕೊಂಡಳು. "ನೀನು ಬರೋದು ನಿಲ್ಲಿಸ್ತೀಯೇನೋ ಅಂತ ಭಯ ಆಗಿತ್ತು ಕಣೇ."

"ಹಿಟ್ಟಿಗೋಸ್ಕರ ಯಾಕೆ ನಿಲ್ಲಿಸಲಿ? ಅವತ್ತು ಬೆಳಿಗ್ಗೆ ಮೆಟ್ಟಿಲ ಮೇಲೆ ಕೂತು ಮಳೆ ವಿಷಯ ಮಾತಾಡಿದ್ನಲ್ಲ, ನೆನಪಿದ್ಯಾ? ನೀನೇ ಏನಾದ್ರೂ ಹೇಳ್ತೀಯಾ ಅಂತ ಕಾದೆ. ಒಂದು ಮಾತು. 'ಅವನು ಹೇಳಿದ್ದು ತಪ್ಪು' ಅಂತ. ಇಷ್ಟುದ್ದ ಬೀದೀಲಿ ಯಾರಾದ್ರೂ ಒಬ್ಬರು ಹೇಳಲಿ ಅಂತ. ನೀನು ಹಿಟ್ಟಿನ ಬಟ್ಟೆ ಬದಲಾಯಿಸಿದೆ. ಬಾಯಿ ಮಾತ್ರ ಬಿಡಲಿಲ್ಲ."

ಅಷ್ಟರಲ್ಲಿ ಹೊರಗೆ ಗಾಡಿ ನಿಂತ ಸದ್ದಾಯಿತು. ಗಿರಣಿಯವರು. ಸರಕು ಹಾಕುವ ದಿನ ಅದೆಂಬುದು ಅಂಗಡಿಯಕ್ಕನಿಗೆ ಮರೆತೇ ಹೋಗಿತ್ತು. ಯಾವಾಗಲೂ ಮಾಡುವಂತೆ ಅವರೇ ಚೀಲಗಳ ದೊಡ್ಡ ಮೂಟೆಯನ್ನು ಹೆಗಲ ಮೇಲೆ ಹೊತ್ತು ಒಳಗೆ ಬಂದರು. ಬರುತ್ತಲೇ, "ಮೊಣಕಾಲು ಹೇಗಿದೆಯಮ್ಮ?" ಅಂದರು. ಆಮೇಲೆ ಕಪಾಟು ನೋಡಿದರು. ಕಂದು ಚೀಲಗಳು. ತಮ್ಮದು ಒಂದೂ ಇಲ್ಲ. ಕೌಂಟರಿನ ಮೇಲಿದ್ದ ಬಿಚ್ಚಿದ ಚೀಲದ ಹತ್ತಿರ ಬಗ್ಗಿ, ಎರಡು ಬೆರಳಲ್ಲಿ ಚಿಟಿಕೆ ಹಿಟ್ಟು ತೆಗೆದು ಉಜ್ಜಿದರು.

"ಇದು ನನ್ನ ಹಿಟ್ಟು. ಯಾಕಮ್ಮ ಹೆಸರು ತೆಗೆದ್ರಿ?"

ಅದೇ ಪ್ರಶ್ನೆ. ಅಷ್ಟೇ ನೋವಿನಿಂದ. ಅಂಗಡಿಯಕ್ಕ ಒಮ್ಮೆ ಇವರನ್ನು, ಒಮ್ಮೆ ಟೈಲರಮ್ಮನನ್ನು ನೋಡಿದಳು. ಇಬ್ಬರ ಕಣ್ಣೂ ಅವಳ ಮೇಲೇ ಇತ್ತು.

"ನೀವು... ಅವತ್ತು ಸಭೇಲಿ ಹೇಳಿದ್ರಲ್ಲ," ಅವಳು ತಕ್ಕಡಿ ಒರೆಸುವ ಬಟ್ಟೆ ಕೆಳಗಿಟ್ಟಳು. "ಅದು ತಪ್ಪು."

"ಯಾವುದು?"

"ಸೇತುವೆಯಾಚೆಯವರು ಬಂದ ದಾರಿಯಲ್ಲಿ ಹೋಗಲಿ ಅಂದಿದ್ದು."

ಗಿರಣಿಯವರು ಟೈಲರಮ್ಮನ ಕಡೆ ನೋಡಿದರು. ಅವರ ಅಂಗಿ ಹೊಲಿದವಳೂ ಅವಳೇ. "ಅಯ್ಯೋ, ಅದು ಇವರ ಬಗ್ಗೆ ಅಲ್ಲಮ್ಮ! ಇವರು ನಮ್ಮವರ ಹಾಗೇ. ನಾನು ಹೇಳಿದ್ದು ಉಳಿದವರ ವಿಷಯ."

"ಉಳಿದವರು ಅಂದ್ರೆ ನನ್ನ ಅಣ್ಣ," ಅಂದಳು ಟೈಲರಮ್ಮ. "ಹೊಸ ಮಾರುಕಟ್ಟೇಲಿ ಮಳಿಗೆ ಕೇಳಿ ಅರ್ಜಿ ಹಾಕಿರೋದು ಅವನೇ."

"ನಿಮ್ಮ ಅಣ್ಣ ಇರಬಹುದು. ಆದ್ರೆ..." ಗಿರಣಿಯವರು ಅಷ್ಟಕ್ಕೇ ನಿಲ್ಲಿಸಿದರು. ಅವರ ಮುಖದಲ್ಲಿ ಕೋಪವಿರಲಿಲ್ಲ. ಲೆಕ್ಕದಲ್ಲಿ ಎಲ್ಲಿ ತಪ್ಪಿದೆನೆಂದು ಹುಡುಕುವವರ ಗೊಂದಲವಿತ್ತು. ಅವರು ಅಂಗಡಿಯಕ್ಕನ ಕಡೆ ತಿರುಗಿ ಹೇಳಿದರು: "ಹಿಟ್ಟಲ್ಲಿ ದೋಷ ಇದ್ರೆ ಹೇಳಿ, ಕಿವಿ ಹಿಂಡಿಸ್ಕೊಳ್ತೀನಿ. ನನ್ನ ತಲೆಯೊಳಗಿರೋದು ನನ್ನದು. ಬೇಡ ಅಂದ್ರೆ ಬೇಡ ಅನ್ನಿ, ಇದನ್ನ ಹೀಗೇ ವಾಪಸ್ ತಗೊಂಡು ಹೋಗ್ತೀನಿ. ಆದ್ರೆ ನನ್ನ ಹೆಸರು ಕಿತ್ತು ಮಾರಬೇಡಿ. ಅದು ಕಳ್ಳತನ."

ಮೂಟೆ ಇನ್ನೂ ಅವರ ಹೆಗಲ ಮೇಲೇ ಇತ್ತು. ಕುತ್ತಿಗೆಯ ನರ ಉಬ್ಬಿತ್ತು, ಕಾಲು ಸಣ್ಣಗೆ ನಡುಗುತ್ತಿತ್ತು. ಇಳಿಸದೆ ಕಾಯುತ್ತಿದ್ದರು.

"ಕೆಳಗಿಡಿ," ಅಂದಳು ಅಂಗಡಿಯಕ್ಕ.

ಅವರು ಕೆಳಗಿಟ್ಟರು. ಬೆವರು ಒರೆಸಿಕೊಂಡರು. ಹೋಗುವಾಗ ಟೈಲರಮ್ಮನಿಗೆ ದಾರಿ ಬಿಟ್ಟು ಪಕ್ಕಕ್ಕೆ ಸರಿದರು.

"ಕೆಳಗಿಡಿ ಅಂದ್ಯಲ್ಲ, ಏನರ್ಥ ಅದಕ್ಕೆ?" ಗಾಡಿಯ ಸದ್ದು ದೂರವಾದ ಮೇಲೆ ಟೈಲರಮ್ಮ ಕೇಳಿದಳು.

"ಭಾರ ಇತ್ತು ಕಣೇ. ವಯಸ್ಸಾದವರು."

"ಅಷ್ಟೇನಾ?"

"ಗೊತ್ತಿಲ್ಲ."

ಟೈಲರಮ್ಮ ಅಳತೆಪಟ್ಟಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ನಿಂತಿದ್ದಳು. "ತಪ್ಪು ಅಂತ ಅವನ ಮುಖಕ್ಕೆ ಹೇಳಿದೆ. ಅದನ್ನ ಕೇಳಿಸ್ಕೊಂಡೆ ನಾನು," ಎಂದು ರಸ್ತೆ ದಾಟಿ ಹೋದಳು. ಸಮಾಧಾನದಿಂದ ಹೋದಳೋ ಸಿಟ್ಟಿನಿಂದಲೋ, ಬೆನ್ನು ನೋಡಿ ಹೇಳುವಂತಿರಲಿಲ್ಲ.

ಅಂದೇ ಅಂಗಡಿಯಕ್ಕ ಉಳಿದ ಕಂದು ಚೀಲಗಳನ್ನು ಕಪಾಟಿನಿಂದ ಇಳಿಸಿದಳು. ಕೊಂಡವರು ಬಂದಂತೆಲ್ಲ, ಅದು ಗಿರಣಿಯವರ ಹಿಟ್ಟೇ ಆಗಿತ್ತೆಂದು ಹೇಳಿದಳು. ಕಂಟ್ರಾಕ್ಟರನ ಗೆಳೆಯರು ಗೆದ್ದವರಂತೆ ನಕ್ಕರು. ಟೀಚರ್ ನಗಲಿಲ್ಲ. "ನಿಮ್ಮನ್ನ ನಂಬಿದ್ದೆ ಅಕ್ಕ," ಎಂದು ಹೇಳಿ, "ರೊಟ್ಟಿ ಚೆನ್ನಾಗಿ ಬಂದಿತ್ತು. ಅದೇ ಸಂಕಟ" ಅಂದರು. ಅವರು ಒಂದು ವಾರ ಬರಲಿಲ್ಲ.

ನೀಲಿ ಹೆಸರಿನ ಚೀಲಗಳು ಮತ್ತೆ ಕಪಾಟಿನಲ್ಲಿ ಕೂತವು. ಮನೆಗೆ ಮಾತ್ರ ಅವಳು ಅದನ್ನು ಒಯ್ಯಲಿಲ್ಲ. ಯಾಕೆಂದು ಗಂಡ ಕೇಳಿದಾಗ, "ನನಗೆ ಇಳೀತಿಲ್ಲ" ಅಂದಳು. ಗಂಟಲಿಗೆ ಏನಾಯಿತೆಂದು ಅವನು ಟಾರ್ಚ್ ಹಿಡಿದು ನೋಡಿದ. ಮಾವನಿಗೆ ಪಾಪ, ದೊಡ್ಡ ಕಂಪನಿಯ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಕೊಡುತ್ತಿದ್ದಳು. ಆ ಕಂಪನಿಯ ದುಡ್ಡು ಎಲ್ಲಿಗೆ ಹೋಗುತ್ತದೆಂದು ಗೊತ್ತಿದ್ದೂ ಕೊಡುತ್ತಿದ್ದಳು. ಒಂದರ ಮಾತು ಕಿವಿಗೆ ಬಿದ್ದಿತ್ತು, ಇನ್ನೊಂದರದು ಬಿದ್ದಿರಲಿಲ್ಲ, ಅಷ್ಟೇ ವ್ಯತ್ಯಾಸವೇ? ಅಷ್ಟಕ್ಕೇ ಒಂದು ಗಂಟಲಲ್ಲಿ ಇಳಿದು ಇನ್ನೊಂದು ಇಳಿಯದೆ ಹೋಗುತ್ತದೆಯೇ? ಹಿಟ್ಟು ಕಲಸುವಾಗ ಈ ಪ್ರಶ್ನೆಯೂ ಕೈಗೆ ಅಂಟುತ್ತಿತ್ತು.

"ಇದನ್ನ ನೀವು ತಿಂತೀರಾ?" ಒಬ್ಬಳು ಹೊಸ ಗಿರಾಕಿ ನೀಲಿ ಚೀಲ ಎತ್ತಿ ಕೇಳಿದಳು.

"ಇಲ್ಲ," ಅಂದಳು ಅಂಗಡಿಯಕ್ಕ. ಆ ಅಂಗಡಿಯಲ್ಲಿ ಅವಳ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು.

"ಹಿಟ್ಟು ಚೆನ್ನಾಗಿಲ್ವಾ?"

"ತುಂಬಾ ಚೆನ್ನಾಗಿದೆ."

"ಮತ್ತೆ?"

"ಬೀಸಿದವರು ಹೇಳಿದ ಮಾತು ನನಗೆ ಹಿಡಿಸಲಿಲ್ಲ."

"ಹಿಡಿಸದಿದ್ರೂ ಮಾರ್ತೀರಲ್ಲ?"

ಅಂಗಡಿಯಕ್ಕ ಕಪಾಟಿನ ಚೀಲಗಳನ್ನು ನೇರಮಾಡಿದಳು. ಆ ಹೆಂಗಸು ಚೀಲವನ್ನು ಒಮ್ಮೆ ಎತ್ತಿ, ಒಮ್ಮೆ ಇಟ್ಟು, ಕೊನೆಗೆ ಏನೂ ಕೊಳ್ಳದೆ ಹೋದಳು.

ಮೆಟ್ಟಿಲ ಮೇಲಿಂದ ಟೈಲರಮ್ಮ ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದಳು. ಮೂರು ದಿನ ಬಾರದೆ ಅಂದಷ್ಟೇ ಬಂದು ಕೂತಿದ್ದಳು. ಅವಳ ಡಬ್ಬಿಯಲ್ಲಿ ಗಿರಣಿಯವರ ಹಿಟ್ಟಿನ ರೊಟ್ಟಿ ಇತ್ತು.

"ಬೈಸಿಕೊಂಡವಳು ನಾನು, ನಾನು ತಿಂತೀನಿ," ಅಂದಳು ಟೈಲರಮ್ಮ. "ನಿನಗೇನೂ ಅನ್ನದವನ ಹಿಟ್ಟನ್ನ ನೀನು ತಿನ್ನಲ್ಲ. ಆದ್ರೆ ಊರಿಗೆಲ್ಲ ಮಾರ್ತೀಯ. ನಮ್ಮಿಬ್ಬರಲ್ಲಿ ತಲೆ ಕೆಟ್ಟಿರೋದು ಯಾರಿಗೆ ಹೇಳು?"

"ನನಗೇ ಇರಬೇಕು."

"ನನಗೇನು ಕಡಿಮೆ ಇಲ್ಲ ಬಿಡು. ನಿನ್ನೆ ಅವನ ಅಂಗಿಗೆ ಗುಂಡಿ ಹಾಕಿಕೊಟ್ಟೆ. ಗಟ್ಟಿಯಾಗೇ ಹಾಕ್ದೆ. ಸಡಿಲ ಹಾಕೋಕೆ ಕೈ ಬರಲಿಲ್ಲ."

"ಏನಂದ?"

"ನಮ್ಮಣ್ಣ ಯಾವ ಮಳಿಗೆ ಕೇಳಿದ್ದಾನೆ ಅಂತ ಕೇಳಿದ."

"ಯಾಕಂತೆ?"

"ಅದೇ ಗೊತ್ತಾಗಲಿಲ್ಲ. ಕೊಡಿಸೋಕೋ, ತಪ್ಪಿಸೋಕೋ." ಟೈಲರಮ್ಮ ಲೋಟ ಚಾಚಿದಳು. "ಮೂಲೇದು ಅಂತ ಹೇಳಿಬಿಟ್ಟೆ. ಹೇಳಬಾರದಿತ್ತಾ?"

ಅಂಗಡಿಯಕ್ಕ ಕೆಟಲ್ ಬಗ್ಗಿಸಿದಳು. ಹೇಳಬಾರದಿತ್ತು ಎನಿಸಿತು, ಹೇಳಿದ್ದೇ ಒಳ್ಳೆಯದಾಯಿತು ಎಂದೂ ಎನಿಸಿತು. ಚಹಾ ಲೋಟದ ಅಂಚಿಗೆ ಬಂದದ್ದು ಇಬ್ಬರಿಗೂ ಕಾಣಲಿಲ್ಲ. ಬಿಸಿ ತಗುಲಿ ಟೈಲರಮ್ಮ "ಅಯ್ಯೋ, ಸಾಕು ಸಾಕು!" ಎಂದು ಕೈ ಕೊಡವಿಕೊಂಡಳು.

"ಅರ್ಜಿ ತೀರ್ಮಾನ ಆಗೋ ದಿನ ನಾನೂ ಬರ್ತೀನಿ," ಅಂದಳು ಅಂಗಡಿಯಕ್ಕ.

"ನೀನು ಬಂದು ಏನು ಮಾಡ್ತೀಯ?"

"ಗೊತ್ತಿಲ್ಲ ಕಣೇ. ಅಂಗಡಿ ಮುಚ್ಚಿ ಬರ್ತೀನಿ, ಅಷ್ಟೇ."